ಭಗಂದರಕ್ಕೆ ಶಸ್ತ್ರಚಿಕಿತ್ಸೆ: ಅದರ ಚರಿತ್ರೆಯೂ ಫಲವೂ

೧

ವೈದ್ಯಶಾಸ್ತ್ರದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಪ್ಲೇಗು, ಸಿಡುಬು ಮೊದಲಾದ ಮಹಾಮಾರಿಗಳಿಗೆ ಹೆಚ್ಚು ಪುಟಗಳನ್ನು ಕೊಡುತ್ತಾರೆ. ಕೊಲ್ಲದೆ ಕಾಡುವ ರೋಗಗಳ ಚರಿತ್ರೆ ಹಿಂದುಳಿಯುತ್ತದೆ. ರೋಗಿಯು ಬಾಯಿಬಿಟ್ಟು ಹೇಳಿಕೊಳ್ಳಲು ನಾಚುವ ರೋಗವಾದರಂತೂ ಅದರ ಮಾತೇ ಇಲ್ಲ. ಭಗಂದರವು ಈ ಬಗೆಯ ರೋಗ. ಆದರೆ ಶಸ್ತ್ರವೈದ್ಯದ ಬೆಳವಣಿಗೆಯನ್ನು ಪ್ರಾಚೀನ ಕಾಲದಿಂದ ಇಂದಿನವರೆಗೆ ಒಂದೇ ಎಳೆಯಲ್ಲಿ ಕಾಣಬೇಕಾದರೆ ಇದಕ್ಕಿಂತ ತಕ್ಕ ವಿಷಯ ದೊರೆಯುವುದು ಕಷ್ಟ. ಭಾರತದ ಸುಶ್ರುತಸಂಹಿತೆ, ಯವನರ ವೈದ್ಯಗ್ರಂಥಗಳು, ಮಧ್ಯಯುಗದ ಆಂಗ್ಲ ಶಸ್ತ್ರವೈದ್ಯನ ಪ್ರಬಂಧ, ಫ್ರಾನ್ಸಿನ ಅರಮನೆಯ ದಿನಚರಿಗಳು, ಇಂದಿನ ಆಸ್ಪತ್ರೆಗಳ ಲೆಕ್ಕಗಳು ಇವೆಲ್ಲವೂ ಈ ಒಂದು ರೋಗವನ್ನು ಕುರಿತು ಮಾತನಾಡುತ್ತವೆ.

ರೋಗದ ಸ್ವರೂಪವನ್ನು ಮೊದಲು ತಿಳಿಯಬೇಕು. ಗುದದ ಒಳಗೋಡೆಯಲ್ಲಿ ಕೆಲವು ಸಣ್ಣ ಗ್ರಂಥಿಗಳುಂಟು. ಅವುಗಳಲ್ಲೊಂದು ಕೆಟ್ಟು ಕೀವಾದರೆ, ಆ ಕೀವು ಮಾಂಸದ ನಡುವೆ ದಾರಿಮಾಡಿಕೊಂಡು ಬಂದು ಗುದದ ಪಕ್ಕದ ಚರ್ಮದಲ್ಲಿ ಕುರುವಾಗಿ ಒಡೆಯುತ್ತದೆ. ಒಡೆದ ಮೇಲೆ ನೋವು ತಗ್ಗುವುದರಿಂದ ರೋಗಿಯು ತನಗೆ ಗುಣವಾಯಿತೆಂದು ನಂಬುತ್ತಾನೆ. ಆದರೆ ಒಳಗಿನ ಬಾಯಿ ಮುಚ್ಚದೆ ಉಳಿದರೆ, ಅದಕ್ಕೂ ಹೊರಗಿನ ಬಾಯಿಗೂ ನಡುವೆ ಒಂದು ನಾಳ ನಿಲ್ಲುತ್ತದೆ. ಅದು ಆಗಾಗ್ಗೆ ಮುಚ್ಚಿದಂತೆ ತೋರುವುದು, ಮತ್ತೆ ಕೀವು ತುಂಬುವುದು, ಮತ್ತೆ ಒಡೆಯುವುದು. ಹೀಗೆ ವರ್ಷಗಟ್ಟಲೆ ನಡೆಯುತ್ತದೆ. ಹೊರಗೆ ಹಚ್ಚುವ ಲೇಪವಾಗಲಿ ಒಳಗೆ ಕೊಡುವ ಔಷಧವಾಗಲಿ ಈ ನಾಳವನ್ನು ಸಾಮಾನ್ಯವಾಗಿ ಮುಚ್ಚಲಾರವು. ಆದುದರಿಂದಲೇ ಭಗಂದರವು ಅಂದಿನಿಂದ ಇಂದಿನವರೆಗೂ ಶಸ್ತ್ರವೈದ್ಯನ ಕೈಯ ರೋಗವಾಗಿದೆ.

ಕಷ್ಟವೆಲ್ಲ ಇರುವುದು ಸ್ಥಳದಲ್ಲಿ. ಗುದವನ್ನು ಬಳೆಗಳಂತೆ ಸುತ್ತಿಕೊಂಡಿರುವ ಒಳಗಿನ ಮತ್ತು ಹೊರಗಿನ ಎರಡು ಸಂಕೋಚಕ ಸ್ನಾಯುಗಳು ಮಲವನ್ನೂ ವಾಯುವನ್ನೂ ತಡೆಹಿಡಿಯುತ್ತವೆ. ಭಗಂದರದ ನಾಳವು ಅನೇಕವೇಳೆ ಈ ಸ್ನಾಯುಗಳನ್ನು ಭೇದಿಸಿಕೊಂಡೇ ಹೊರಗೆ ಬರುತ್ತದೆ. ನಾಳವನ್ನು ಸೀಳಿ ತೆರೆದರೆ ವ್ರಣವು ತಳದಿಂದ ತುಂಬಿಕೊಂಡು ರೋಗ ಹೋಗುತ್ತದೆ. ಆದರೆ ನಾಳದೊಡನೆ ಸ್ನಾಯುವೂ ಹೆಚ್ಚಾಗಿ ಸೀಳಿಹೋದರೆ ರೋಗಿಯು ಮಲವನ್ನು ತಡೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತಾನೆ. ಕೀವು ಹೋಗಿ ಲಜ್ಜೆ ಉಳಿಯುತ್ತದೆ. ಹೀಗಾಗಿ ಈ ಚಿಕಿತ್ಸೆಯ ಫಲವನ್ನು ಅಳೆಯಲು ಎರಡು ಅಳತೆಗಳು ಬೇಕು: ನಾಳ ಮುಚ್ಚಿತೇ ಎಂಬುದೊಂದು, ಧಾರಣಶಕ್ತಿ ಉಳಿಯಿತೇ ಎಂಬುದು ಇನ್ನೊಂದು. ಭಗಂದರ ಚಿಕಿತ್ಸೆಯ ದೀರ್ಘವಾದ ಚರಿತ್ರೆಯನ್ನು ಪರಿಶೀಲಿಸಿದರೆ, ಮೊದಲನೆಯ ಅಳತೆಯನ್ನು ಎಲ್ಲ ಕಾಲದವರೂ ಹಿಡಿದಿದ್ದರೆಂದೂ, ಎರಡನೆಯದನ್ನು ಕೆಲವರು ಕಂಡರೆಂದೂ, ಹಲವರು ಮರೆತರೆಂದೂ, ಅದನ್ನು ಲೆಕ್ಕದಲ್ಲಿ ಬರೆದಿಡುವ ಪದ್ಧತಿ ಬಹಳ ತಡವಾಗಿ ಬಂದಿತೆಂದೂ ವಿಶದವಾಗುತ್ತದೆ.

೨

ಸುಶ್ರುತಸಂಹಿತೆಯು ಭಗಂದರವನ್ನು ಎಂಟು ಮಹಾರೋಗಗಳಲ್ಲಿ ಒಂದೆಂದು ಎಣಿಸುತ್ತದೆ. ವಾತವ್ಯಾಧಿ, ಪ್ರಮೇಹ, ಕುಷ್ಠ, ಅರ್ಶಸ್ಸು, ಅಶ್ಮರಿ, ಮೂಢಗರ್ಭ, ಉದರ ಇವು ಉಳಿದ ಏಳು. ನಿದಾನಸ್ಥಾನದ ನಾಲ್ಕನೆಯ ಅಧ್ಯಾಯದಲ್ಲಿ ರೋಗದ ಹೆಸರಿನ ನಿರ್ವಚನವಿದೆ. ಭಗ, ಗುದ, ಬಸ್ತಿ ಈ ಪ್ರದೇಶಗಳನ್ನು ದಾರಣ ಮಾಡುವುದರಿಂದ, ಎಂದರೆ ಸೀಳುವುದರಿಂದ, ಭಗಂದರವೆಂಬ ಹೆಸರು. ಪಕ್ವವಾಗದೆ ಇದ್ದಾಗ ಅದು ಬರಿಯ ಪಿಡಕೆ; ಪಕ್ವವಾಗಿ ಒಡೆದಾಗ ಭಗಂದರ. ಕುರುವೂ ನಾಳವೂ ಒಂದೇ ರೋಗದ ಎರಡು ಅವಸ್ಥೆಗಳೆಂಬ ಈ ಮಾತು ಇಂದಿನ ವೈದ್ಯಕ್ಕೂ ಸಮ್ಮತವಾದುದು.

ಸಂಹಿತೆಯು ಭಗಂದರವನ್ನು ಐದು ಬಗೆಯಾಗಿ ವಿಂಗಡಿಸುತ್ತದೆ. ಜರಡಿಯಂತೆ ಅನೇಕ ರಂಧ್ರಗಳುಳ್ಳದ್ದು ಶತಪೋನಕ. ಒಂಟೆಯ ಕತ್ತಿನಂತೆ ಎದ್ದು ತೋರುವುದು ಉಷ್ಟ್ರಗ್ರೀವ. ಸದಾ ಸೋರುತ್ತಿರುವುದು ಪರಿಸ್ರಾವಿ. ಶಂಖದ ಸುಳಿಯಂತೆ ಒಳಗೊಳಗೇ ಸುತ್ತಿಕೊಂಡು ಹೋಗುವುದು ಶಂಬೂಕಾವರ್ತ. ಮಾಂಸದೊಡನೆ ನುಂಗಿದ ಎಲುಬು ಮಲದಲ್ಲಿ ಸೇರಿ ಬಂದು ಗುದವನ್ನು ಗಾಯಮಾಡುವುದರಿಂದ ಹುಟ್ಟುವುದು ಉನ್ಮಾರ್ಗಿ. ಮೊದಲ ಮೂರು ವಾತ, ಪಿತ್ತ, ಕಫಗಳಿಂದ ಕ್ರಮವಾಗಿ ಆದುವು. ನಾಲ್ಕನೆಯದು ತ್ರಿದೋಷದಿಂದ, ಐದನೆಯದು ಆಗಂತುಕ. ಎಲ್ಲವೂ ಕಷ್ಟಸಾಧ್ಯ, ಕೊನೆಯ ಎರಡು ಅಸಾಧ್ಯವೆಂದು ಗ್ರಂಥದ ಮತ. ದೋಷಗಳ ಪರಿಭಾಷೆಯನ್ನು ಬದಿಗಿಟ್ಟು ನೋಡಿದರೂ ಈ ವಿಂಗಡಣೆಯ ಆಧಾರವು ಕಣ್ಣಿಗೆ ಕಂಡ ಆಕಾರ, ಸ್ರಾವ, ನಾಳದ ಗತಿ ಇವೇ ಎಂಬುದು ಗಮನಾರ್ಹವಾಗಿದೆ.

ಚಿಕಿತ್ಸಾಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಶಸ್ತ್ರಕರ್ಮದ ವಿವರಗಳಿವೆ. ಅಪಕ್ವಾವಸ್ಥೆಯಲ್ಲಿ ಉಪವಾಸದಿಂದ ವಿರೇಚನದವರೆಗಿನ ಉಪಚಾರಗಳು. ಪಕ್ವವಾದ ಮೇಲೆ ರೋಗಿಯನ್ನು ಸ್ನೇಹ ಸ್ವೇದಗಳಿಂದ ಸಿದ್ಧಪಡಿಸಿ, ಮಂಚದ ಮೇಲೆ ಮಲಗಿಸಿ ಕಟ್ಟಿ, ನಾಳವು ಬಹಿರ್ಮುಖವೋ ಅಂತರ್ಮುಖವೋ ಎಂದು ಪರೀಕ್ಷಿಸಬೇಕು. ಏಷಣಿಯೆಂಬ ಶಲಾಕೆಯನ್ನು ತೂರಿಸಿ ನಾಳವನ್ನು ಮೇಲೆತ್ತಿ, ಅದರ ಆಶಯದೊಡನೆ ಕೊಯ್ದು ತೆಗೆಯಬೇಕು. ಬಳಿಕ ಅಗ್ನಿಯಿಂದಾಗಲಿ ಕ್ಷಾರದಿಂದಾಗಲಿ ಸುಡಬೇಕು. ಕೊಯ್ಯುವ ರೇಖೆಗಳಿಗೂ ಹೆಸರುಗಳುಂಟು: ಎರಡು ಪಕ್ಕಗಳಿಗೂ ಸಮವಾಗಿ ಹೋದುದು ಲಾಂಗಲಕ, ಒಂದು ಪಕ್ಕ ಚಿಕ್ಕದಾದರೆ ಅರ್ಧಲಾಂಗಲಕ, ಸೇವನಿಯನ್ನು ಬಿಟ್ಟು ನಾಲ್ಕು ಕಡೆ ಸೀಳಿದುದು ಸರ್ವತೋಭದ್ರಕ, ಪಕ್ಕದಿಂದ ಕೊಯ್ದುದು ಗೋತೀರ್ಥಕ. ನೇಗಿಲನ್ನೂ ದನಗಳು ನೀರಿಗಿಳಿಯುವ ದಾರಿಯನ್ನೂ ಕಂಡ ಕಣ್ಣುಗಳೇ ಶಸ್ತ್ರದ ಗೆರೆಗಳಿಗೂ ಹೆಸರಿಟ್ಟಿವೆ.

ಆದರೆ ಈ ಅಧ್ಯಾಯದ ಸಾರವು ಬೇರೊಂದು ಕಡೆ ಇದೆ. ಶತಪೋನಕದಲ್ಲಿ ಅನೇಕ ನಾಳಗಳಿರುವುದರಿಂದ ಅವೆಲ್ಲವನ್ನೂ ಒಂದೇ ಬಾರಿಗೆ ಕೂಡಿಸಿ ಸೀಳಬಾರದೆಂದು ಗ್ರಂಥವು ಖಂಡಿತವಾಗಿ ನಿಷೇಧಿಸುತ್ತದೆ. ಕೆಲವು ನಾಳಗಳನ್ನು ಮೊದಲು ತೆರೆಯಬೇಕು. ಅವು ಮಾಯ್ದ ಮೇಲೆ ಉಳಿದುವನ್ನು ನೋಡಬೇಕು. ಒಂದಕ್ಕೊಂದು ಸಂಬಂಧವಿಲ್ಲದ ನಾಳಗಳನ್ನು ಒಂದಾಗಿ ಕತ್ತರಿಸುವ ವೈದ್ಯನು ಗುದವನ್ನೇ ಸೀಳಿದಂತಾಗುವುದು. ಆ ಅಗಲವಾದ ದಾರಿಯಲ್ಲಿ ಮಲಮೂತ್ರಗಳು ಹರಿಯತೊಡಗುವುವು. ಆಗ ಶಾಸ್ತ್ರವನ್ನು ಓದಿದವನೂ ದಿಕ್ಕುಗಾಣದೆ ನಿಲ್ಲುವನು ಎಂಬುದು ಅಲ್ಲಿಯ ತಾತ್ಪರ್ಯ. ರೋಗವನ್ನು ಕಳೆಯುವ ಆತುರದಲ್ಲಿ ಧಾರಣಶಕ್ತಿಯನ್ನು ಕಳೆಯಬಾರದೆಂಬ ಎಚ್ಚರಿಕೆ ಇಷ್ಟು ಸ್ಪಷ್ಟವಾಗಿ ಇಲ್ಲಿ ಬಂದಿದೆ. ಇಂಥ ಮಾತು ಅನುಭವದಿಂದಲ್ಲದೆ ಊಹೆಯಿಂದ ಬರುವುದಿಲ್ಲ. ಆ ದುಷ್ಫಲವನ್ನು ಕಣ್ಣಾರೆ ಕಂಡವರೇ ಇದನ್ನು ಬರೆದಿರಬೇಕು.

ಕತ್ತಿಗೆ ಬದಲಾಗಿ ನೂಲನ್ನು ಬಳಸುವ ವಿಧಿಯು ಚಿಕಿತ್ಸಾಸ್ಥಾನದ ಹದಿನೇಳನೆಯ ಅಧ್ಯಾಯದಲ್ಲಿ, ನಾಡೀವ್ರಣದ ಪ್ರಸಂಗದಲ್ಲಿದೆ. ಕೃಶರು, ದುರ್ಬಲರು, ಅಂಜುಬುರುಕರು ಇವರ ನಾಡಿಯನ್ನೂ ಮರ್ಮಸ್ಥಾನದಲ್ಲಿರುವ ನಾಡಿಯನ್ನೂ ಶಸ್ತ್ರದಿಂದ ಕೊಯ್ಯದೆ ಕ್ಷಾರಸೂತ್ರದಿಂದ ಛೇದಿಸಬೇಕು. ಏಷಣಿಯಿಂದ ಗತಿಯನ್ನು ಅರಿತು, ಸೂಜಿಯಿಂದ ಕ್ಷಾರ ಲೇಪಿಸಿದ ನೂಲನ್ನು ಹಾಯಿಸಿ, ಎರಡು ತುದಿಗಳನ್ನೂ ಸೇರಿಸಿ ಬಿಗಿಯಾಗಿ ಕಟ್ಟಬೇಕು. ಕ್ಷಾರದ ಬಲವನ್ನು ನೋಡಿಕೊಂಡು, ನಾಳವು ಕತ್ತರಿಸಿಹೋಗುವವರೆಗೂ ಹೊಸ ನೂಲನ್ನು ಹಾಕುತ್ತಿರಬೇಕು. ಭಗಂದರಕ್ಕೂ ಇದೇ ವಿಧಿಯೆಂದು ಗ್ರಂಥವು ಅಲ್ಲಿಯೇ ಸೇರಿಸುತ್ತದೆ. ಗುದವು ಮರ್ಮಗಳಲ್ಲೊಂದೆಂದು ಶಾರೀರಸ್ಥಾನವು ಹೇಳುವುದರಿಂದ ಈ ಎರಡು ಮಾತುಗಳೂ ಪರಸ್ಪರ ಹೊಂದಿಕೊಳ್ಳುತ್ತವೆ. ಹನ್ನೊಂದನೆಯ ಶತಮಾನದ ಚಕ್ರಪಾಣಿದತ್ತನು ನೂಲಿಗೆ ಕಳ್ಳಿಯ ಹಾಲನ್ನೂ ಅರಿಸಿನದ ಪುಡಿಯನ್ನೂ ಮತ್ತೆ ಮತ್ತೆ ಹಚ್ಚಿ ಸಿದ್ಧಪಡಿಸುವ ಕ್ರಮವನ್ನು ಹೇಳಿ, ಅದು ಅರ್ಶಸ್ಸನ್ನೂ ಭಗಂದರವನ್ನೂ ಛೇದಿಸುವುದೆನ್ನುತ್ತಾನೆ. ವ್ರಣವು ಮಾಯ್ದ ಮೇಲೂ ಒಂದು ವರ್ಷದವರೆಗೆ ವ್ಯಾಯಾಮ, ಮೈಥುನ, ಕೋಪ, ಸವಾರಿ, ಗುರುವಾದ ಆಹಾರ ಇವನ್ನು ಬಿಡಬೇಕೆಂದು ಸುಶ್ರುತಸಂಹಿತೆ ವಿಧಿಸಿರುವುದು ರೋಗವು ಮರುಕಳಿಸುವ ಸ್ವಭಾವವನ್ನು ಬಲ್ಲವರ ಮಾತಾಗಿದೆ.

೩

ಯವನರಲ್ಲಿಯೂ ನೂಲಿನ ಚಿಕಿತ್ಸೆ ಇದ್ದಿತು. ಹಿಪ್ಪೊಕ್ರಾಟಿಸನ ಹೆಸರಿನಲ್ಲಿ ಸಂಗ್ರಹವಾಗಿರುವ ಗ್ರಂಥಗಳಲ್ಲಿ ನಾಳವ್ರಣಗಳನ್ನು ಕುರಿತ ಒಂದು ಸಣ್ಣ ಪ್ರಬಂಧವುಂಟು. ಪೆಟ್ಟಿನಿಂದಲೂ, ದೋಣಿಯ ಹುಟ್ಟುಹಾಕುವುದರಿಂದಲೂ, ಕುದುರೆ ಸವಾರಿಯಿಂದಲೂ ಗುದದ ಬಳಿ ರಕ್ತ ಸೇರಿ ಕೆಟ್ಟು ರೋಗವುಂಟಾಗುವುದೆಂದು ಅದರ ಅಭಿಪ್ರಾಯ. ಬೆಳ್ಳುಳ್ಳಿಯ ಹಸಿ ಕಾಂಡವನ್ನು ತೂರಿಸಿ ನಾಳದ ಆಳವನ್ನು ಅಳೆಯಬೇಕು. ಹಸಿಯ ನಾರಿನ ನೂಲನ್ನು ಐದು ಮಡಿಕೆ ಮಾಡಿ, ಕುದುರೆಯ ಕೂದಲನ್ನು ಸುತ್ತಿ, ತವರದ ಶಲಾಕೆಗೆ ಕಟ್ಟಿ ನಾಳದಲ್ಲಿ ಹಾಯಿಸಿ ಗುದದಿಂದ ಹೊರಕ್ಕೆಳೆದು ತುದಿಗಳನ್ನು ಗಂಟುಹಾಕಬೇಕು. ಸಡಿಲವಾದಂತೆಲ್ಲ ದಿನದಿನವೂ ಬಿಗಿಮಾಡುತ್ತಿರಬೇಕು. ನೂಲು ಕೊಳೆತುಹೋದರೆ, ಕೊಳೆಯದ ಕುದುರೆಯ ಕೂದಲಿಗೆ ಹೊಸ ನೂಲನ್ನು ಕಟ್ಟಿ ಎಳೆದುಕೊಳ್ಳಬಹುದು. ರೋಮಕರ ಸೆಲ್ಸಸನೂ ಕ್ರಿ. ಶ. ಒಂದನೆಯ ಶತಮಾನದಲ್ಲಿ ನೂಲಿನ ವಿಧಾನವನ್ನು ವಿವರಿಸಿದ್ದಾನೆ.

ಈ ಹೋಲಿಕೆಯನ್ನು ಕಂಡೊಡನೆ ಯಾರು ಯಾರಿಂದ ಕಲಿತರೆಂಬ ಚರ್ಚೆ ಏಳುವುದು ಸಹಜ. ಆದರೆ ಎರಡು ವಿಧಾನಗಳ ಒಳಗುಟ್ಟು ಒಂದೇ ಅಲ್ಲ. ಯವನರ ನೂಲು ಬಿಗಿತದಿಂದ ಕತ್ತರಿಸುತ್ತದೆ. ಭಾರತೀಯರ ನೂಲು ಮುಖ್ಯವಾಗಿ ಕ್ಷಾರದಿಂದ ಕತ್ತರಿಸುತ್ತದೆ. ಮೊದಲನೆಯದರಲ್ಲಿ ಗಂಟು ಪ್ರಧಾನ, ಎರಡನೆಯದರಲ್ಲಿ ಲೇಪ ಪ್ರಧಾನ. ಮೊದಲನೆಯದರಲ್ಲಿ ಅದೇ ನೂಲನ್ನು ಬಿಗಿಮಾಡುತ್ತಾರೆ. ಎರಡನೆಯದರಲ್ಲಿ ಲೇಪದ ಬಲ ಕುಗ್ಗಿದಾಗ ನೂಲನ್ನೇ ಬದಲಾಯಿಸುತ್ತಾರೆ. ಒಂದೇ ಸಮಸ್ಯೆಯನ್ನು ಎದುರಿಸಿದ ಇಬ್ಬರು ಕುಶಲಿಗಳು ಒಂದೇ ಬಗೆಯ ಉಪಾಯಕ್ಕೆ ಬಂದು, ಅದನ್ನು ತಮ್ಮ ತಮ್ಮ ವೈದ್ಯಕ್ಕೆ ತಕ್ಕಂತೆ ಬೆಳೆಸಿದರೆಂದು ಗ್ರಂಥಗಳಿಂದ ಹೇಳಬಹುದು. ಅದಕ್ಕೆ ಮೀರಿ ಅಗ್ರಸ್ಥಾನದ ವಾದವನ್ನು ಹೂಡುವುದು ಎರಡು ಕಡೆಯ ಗ್ರಂಥಕಾರರಿಗೂ ನ್ಯಾಯವಾಗಲಾರದು. ಸುಶ್ರುತಸಂಹಿತೆಯು ಸಂಕೋಚಕ ಸ್ನಾಯುಗಳನ್ನು ಇಂದಿನ ಶಾರೀರಶಾಸ್ತ್ರದಂತೆ ಬೇರ್ಪಡಿಸಿ ಹೇಳಿತೆಂದು ಸಾಧಿಸುವುದೂ ಹಾಗೆಯೇ. ಪ್ರವಾಹಣೀ, ವಿಸರ್ಜನೀ, ಸಂವರಣೀ ಎಂಬ ಮೂರು ಗುದವಲಿಗಳನ್ನು ಅದು ಹೆಸರಿಸುತ್ತದೆ. ಅವುಗಳಲ್ಲಿ ಮುಚ್ಚುವ ಕೆಲಸದ್ದೊಂದು ಇದೆಯೆಂಬುದು ಹೆಸರಿನಿಂದಲೇ ತಿಳಿಯುತ್ತದೆ. ಆ ಗ್ರಂಥದ ಹಿರಿಮೆಗೆ ಅಷ್ಟು ಸಾಕು.

೪

ಯೂರೋಪಿನ ಮಧ್ಯಯುಗದಲ್ಲಿ ಈ ರೋಗವನ್ನು ಕೈಯಲ್ಲಿ ಮುಟ್ಟಲು ಅನೇಕ ಶಸ್ತ್ರವೈದ್ಯರು ಹಿಂಜರಿಯುತ್ತಿದ್ದರು. ಆ ಕಾಲದಲ್ಲಿ ಭಗಂದರವನ್ನೇ ತನ್ನ ವಿಶೇಷ ವಿದ್ಯೆಯಾಗಿ ಮಾಡಿಕೊಂಡವನು ಆಂಗ್ಲದೇಶದ ಜಾನ್ ಆರ್ಡರ್ನ್. ಈತನು ೧೩೦೭ರಲ್ಲಿ ಹುಟ್ಟಿದವನು. ೧೩೪೯ರಿಂದ ೧೩೭೦ರವರೆಗೆ ನ್ಯೂವಾರ್ಕ್ ಪಟ್ಟಣದಲ್ಲಿದ್ದು ಅನಂತರ ಲಂಡನ್ನಿಗೆ ಹೋದನು. ೧೩೭೬ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬರೆದ ಭಗಂದರ ಪ್ರಬಂಧದಲ್ಲಿ ತನ್ನ ಉಪಕರಣಗಳ ಚಿತ್ರಗಳನ್ನೂ ಕೊಟ್ಟಿದ್ದಾನೆ. ನಾಳದಲ್ಲಿ ಹಾಯಿಸುವ ಶಲಾಕೆಗೆ ಈತನಿಟ್ಟ ಲ್ಯಾಟಿನ್ ಹೆಸರಿಗೆ ‘ನನ್ನನ್ನು ಹಿಂಬಾಲಿಸು’ ಎಂದರ್ಥ. ಅದರ ಹಿಂದೆ ಗಟ್ಟಿಯಾದ ನೂಲನ್ನು ಎಳೆದು ನಾಳವನ್ನು ಬಿಗಿಹಿಡಿದು, ಗಾಡಿಯುಳ್ಳ ಸೂಜಿಯ ಮೇಲೆ ಕತ್ತಿಯನ್ನು ನಡೆಸಿ ಒಂದೇ ಬಾರಿಗೆ ಸೀಳುವನು. ಎದುರು ಗೋಡೆಗೆ ಕತ್ತಿ ತಗಲದಂತೆ ಗುದದೊಳಗೆ ಒಂದು ಸೌಟಿನಂಥ ಉಪಕರಣವನ್ನು ಇಡುವನು. ರಕ್ತವನ್ನು ಸ್ಪಂಜಿನಿಂದ ಒತ್ತಿ ನಿಲ್ಲಿಸುವನು. ಸುಡುವಂಥ ಉಗ್ರ ಲೇಪಗಳನ್ನು ಬಿಟ್ಟು ಮೃದುವಾದ ಉಪಚಾರದಿಂದ ವ್ರಣವನ್ನು ಮಾಯಿಸುವುದು ಈತನ ಹೆಚ್ಚಳ.

ಈತನ ಮೊದಲ ಪ್ರಸಿದ್ಧ ರೋಗಿ ಲ್ಯಾಕ್ಸ್‌ಟನ್ನಿನ ಸರ್ ಆಡಮ್ ಎವರಿಂಗ್‌ಹ್ಯಾಮ್. ಗ್ಯಾಸ್ಕನಿಯ ದಂಡಯಾತ್ರೆಯಲ್ಲಿದ್ದ ಸರದಾರನು. ಆತನು ಗುಣಹೊಂದಿದ ಮೇಲೆ ಆರ್ಡರ್ನನ ಕೀರ್ತಿ ಹಬ್ಬಿತು. ತಾನು ಗುಣಪಡಿಸಿದವರ ಹೆಸರುಗಳ ಪಟ್ಟಿಯನ್ನು ಆರ್ಡರ್ನನು ಪ್ರಬಂಧದಲ್ಲಿಯೇ ಸೇರಿಸಿದ್ದಾನೆ. ಸಂಬಳದ ವಿಷಯವೂ ಅಲ್ಲಿದೆ: ದೊಡ್ಡ ಮನುಷ್ಯನಿಂದ ನೂರು ಮಾರ್ಕ್ ಅಥವಾ ನಲವತ್ತು ಪೌಂಡ್, ಅದರ ಜೊತೆಗೆ ಉಡುಗೊರೆಯ ಬಟ್ಟೆಗಳು, ಬದುಕಿರುವವರೆಗೂ ವರ್ಷಕ್ಕೆ ನೂರು ಷಿಲಿಂಗ್, ಯಾರಿಂದಲೂ ನೂರು ಷಿಲಿಂಗಿಗೆ ಕಡಮೆ ಇಲ್ಲ. ಚಿಕಿತ್ಸೆಯ ಫಲವನ್ನು ಬರೆದಿಡುವ ಯತ್ನವೆಂದು ಆ ಪಟ್ಟಿಯನ್ನು ಗೌರವಿಸಬೇಕು. ಆದರೆ ಗುಣವಾದವರನ್ನು ಮಾತ್ರ ಎಣಿಸುವ ಪಟ್ಟಿಯಲ್ಲಿ ವಿಫಲತೆಗೆ ಸ್ಥಳವಿಲ್ಲ. ಗುಣವಾದವರ ಧಾರಣಶಕ್ತಿ ಏನಾಯಿತೆಂಬುದಕ್ಕೂ ಸ್ಥಳವಿಲ್ಲ. ಈ ಕೊರತೆ ಆರ್ಡರ್ನನೊಬ್ಬನದೇ ಅಲ್ಲ. ಮುಂದಿನ ಐದು ಶತಮಾನಗಳ ವೈದ್ಯರೂ ಅದೇ ಬಗೆಯ ಪಟ್ಟಿಗಳನ್ನು ಬರೆದರು.

೫

ಭಗಂದರದ ಚರಿತ್ರೆಯಲ್ಲಿ ಅತ್ಯಂತ ಪ್ರಸಿದ್ಧನಾದ ರೋಗಿ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ. ೧೬೮೬ರ ಜನವರಿಯಲ್ಲಿ ಈತನಿಗೆ ಗುದದ ಬಳಿ ಒಂದು ಬಾವು ಕಾಣಿಸಿಕೊಂಡಿತು. ಅದು ಕೀವಾಗಿ, ವಸಂತಕಾಲದ ವೇಳೆಗೆ ಭಗಂದರವಾಗಿ ನಿಂತಿತು. ಲೇಪಗಳು ಫಲಕೊಡಲಿಲ್ಲ. ಬಾರೇಜಿನ ಬಿಸಿನೀರಿನ ಬುಗ್ಗೆ ಈ ರೋಗಕ್ಕೆ ಒಳ್ಳೆಯದೆಂದು ಕೆಲವರು ಹೇಳಿದರು. ದೊರೆಯನ್ನು ಅಷ್ಟು ದೂರ ಕರೆದೊಯ್ಯುವ ಮುನ್ನ ಇದೇ ರೋಗವಿದ್ದ ನಾಲ್ವರನ್ನು ಅಲ್ಲಿಗೆ ಕಳುಹಿಸಿ ನೋಡಲಾಯಿತು. ಅವರು ಹೋದಂತೆಯೇ ಹಿಂದಿರುಗಿದರೆಂದು ಶಸ್ತ್ರವೈದ್ಯ ದಿಯೋನಿಯು ೧೭೦೭ರ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ಕಡೆಗೆ ದೊರೆಯು ಶಸ್ತ್ರಕ್ಕೆ ಒಪ್ಪಿದನು.

ಆಸ್ಥಾನದ ಶಸ್ತ್ರವೈದ್ಯ ಶಾರ್ಲ್ ಫ್ರಾನ್ಸ್ವಾ ಫೆಲಿಕ್ಸನು ಈ ಕಾರ್ಯಕ್ಕಾಗಿ ಒಂದು ಬಾಗಿದ ಕತ್ತಿಯನ್ನು ಮಾಡಿಸಿದನು. ಅದರ ತುದಿಯು ಶಲಾಕೆಯಾಗಿ ನೀಡಿಕೊಂಡಿದ್ದುದರಿಂದ ನಾಳವನ್ನು ಹುಡುಕುವುದೂ ಸೀಳುವುದೂ ಒಂದೇ ಕೈಚಲನೆಯಲ್ಲಿ ಆಗುತ್ತಿತ್ತು. ದೊರೆಯ ಮೈಮೇಲೆ ಕೈಯಿಡುವ ಮೊದಲು ಫೆಲಿಕ್ಸನು ಕೆಲವು ತಿಂಗಳು ಪ್ಯಾರಿಸಿನ ಆಸ್ಪತ್ರೆಗಳ ಬಡ ರೋಗಿಗಳ ಮೇಲೆ ಅಭ್ಯಾಸಮಾಡಿದನೆಂದು ಚರಿತ್ರಕಾರರು ಹೇಳುತ್ತಾರೆ. ೧೬೮೬ನೆಯ ನವೆಂಬರ್ ೧೮ರ ಬೆಳಗ್ಗೆ ವರ್ಸೇಲ್ಸಿನ ಅರಮನೆಯಲ್ಲಿ, ಮಂತ್ರಿ ಲೂವ್ವಾ, ಮದಾಂ ದ ಮ್ಯಾಂತನೋ, ಪಾದ್ರಿ ಲಾ ಷೇಸ್ ಮತ್ತು ವೈದ್ಯರ ಸಮಕ್ಷಮದಲ್ಲಿ ಶಸ್ತ್ರಕರ್ಮ ನಡೆಯಿತು. ಪ್ರಜ್ಞೆ ತಪ್ಪಿಸುವ ಔಷಧಗಳು ಬರಲು ಇನ್ನೂ ನೂರ ಅರುವತ್ತು ವರ್ಷಗಳಿದ್ದುವು. ದೊರೆಯು ಧೈರ್ಯದಿಂದ ಸಹಿಸಿ, ಅಂದೇ ಸಂಜೆ ಮಂತ್ರಾಲೋಚನೆಯನ್ನೂ ನಡೆಸಿದನು. ವ್ರಣವು ಸರಿಯಾಗಿ ತುಂಬದೆ ಡಿಸೆಂಬರಿನಲ್ಲಿ ಮತ್ತೆ ಕೊಯ್ಯಬೇಕಾಯಿತು. ೧೬೮೭ರ ಜನವರಿಯ ವೇಳೆಗೆ ಗುಣವಾಯಿತು.

ಇದರ ಪರಿಣಾಮಗಳು ಹಲವು. ಫೆಲಿಕ್ಸನಿಗೆ ಧನವೂ ಭೂಮಿಯೂ ಕುಲೀನಪದವಿಯೂ ದೊರೆತುವು. ಆಸ್ಥಾನಿಕರಲ್ಲಿ ಭಗಂದರವು ಒಂದು ಹೆಮ್ಮೆಯ ರೋಗವಾಯಿತು. ರೋಗವಿಲ್ಲದಿದ್ದರೂ ಶಸ್ತ್ರ ಮಾಡಿಸಿಕೊಳ್ಳಬೇಕೆಂದು ಬಂದವರು ಮೂವತ್ತಕ್ಕೂ ಹೆಚ್ಚು ಮಂದಿಯೆಂದು ದಿಯೋನಿ ಹೇಳುತ್ತಾನೆ. ದೊರೆಯ ಆರೋಗ್ಯಕ್ಕಾಗಿ ೧೬೮೭ರ ಜನವರಿ ೮ರಂದು ಪ್ಯಾರಿಸಿನಲ್ಲಿ ನಡೆದ ಸ್ತೋತ್ರಗಾನದಲ್ಲಿ ಸಂಗೀತಗಾರ ಲುಲ್ಲಿಯು ತಾಳದ ಕೋಲನ್ನು ತನ್ನ ಕಾಲಿಗೇ ಬಡಿದುಕೊಂಡು, ಆ ಗಾಯ ಕೊಳೆತು ಮಾರ್ಚ್ ೨೨ರಂದು ಸತ್ತನು. ಇವೆಲ್ಲಕ್ಕಿಂತ ಹೆಚ್ಚಿನದು ಶಸ್ತ್ರವೈದ್ಯಕ್ಕೆ ಬಂದ ಮರ್ಯಾದೆ. ಕ್ಷೌರಿಕರ ಸಾಲಿನಲ್ಲಿ ನಿಂತಿದ್ದ ಶಸ್ತ್ರವೈದ್ಯರಿಗೆ ೧೭೩೧ರಲ್ಲಿ ರಾಜಾಶ್ರಿತವಾದ ವಿದ್ವತ್ಸಂಸ್ಥೆಯೊಂದು ಏರ್ಪಟ್ಟಿತು. ೧೭೪೩ರ ರಾಜಶಾಸನವು ಅವರನ್ನು ಕ್ಷೌರಿಕರಿಂದ ಬೇರ್ಪಡಿಸಿತು. ಈ ಏಳಿಗೆಗೆ ೧೬೮೬ರ ಘಟನೆಯೊಂದೇ ಕಾರಣವೆನ್ನಲಾಗದು. ಆದರೆ ಅದಕ್ಕೆ ದೊಡ್ಡ ಬಲ ಬಂದದ್ದು ಅದರಿಂದಲೇ. ದೊರೆಯ ವ್ರಣದ ಸ್ಥಿತಿಯನ್ನು ದಿನದಿನವೂ ಬರೆದಿಟ್ಟ ಅರಮನೆಯು ಫೆಲಿಕ್ಸನ ಕೈಗೆ ಅಭ್ಯಾಸ ಕೊಟ್ಟ ಬಡವರನ್ನು ಹೆಸರಿಟ್ಟು ಬರೆಯಲಿಲ್ಲ. ಚರಿತ್ರೆಯು ಅವರಿಗೂ ಋಣಿಯಾಗಿದೆ.

೬

ಹದಿನೆಂಟನೆಯ ಶತಮಾನದಲ್ಲಿ ಅನೇಕ ಶಸ್ತ್ರವೈದ್ಯರು ನಾಳದ ಸುತ್ತಣ ಗಟ್ಟಿಯಾದ ಮಾಂಸವನ್ನೆಲ್ಲ ಕೊಯ್ದು ತೆಗೆಯುತ್ತಿದ್ದರು. ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯ ಪರ್ಸಿವಲ್ ಪಾಟನು ೧೭೬೫ರ ತನ್ನ ಗ್ರಂಥದಲ್ಲಿ ಇದನ್ನು ವಿರೋಧಿಸಿ, ನಾಳವನ್ನು ಸರಳವಾಗಿ ಸೀಳಿ ತೆರೆದರೆ ಸಾಕು, ಗಟ್ಟಿತನವು ತಾನೇ ಕರಗುವುದೆಂದು ಪ್ರತಿಪಾದಿಸಿದನು. ಕಡಮೆ ಕೊಯ್ಯುವುದೇ ಹೆಚ್ಚಿನ ಜಾಣ್ಮೆಯೆಂಬ ಭಾವನೆಗೆ ಇದೊಂದು ಮುಖ್ಯವಾದ ಮೆಟ್ಟಿಲು.

೧೮೩೫ರಲ್ಲಿ ಫ್ರೆಡರಿಕ್ ಸಾಲ್ಮನ್ ಎಂಬ ಶಸ್ತ್ರವೈದ್ಯನು ಭಗಂದರ ಮತ್ತು ಗುದರೋಗಗಳಿಂದ ನರಳುವ ಬಡವರಿಗಾಗಿ ಲಂಡನ್ನಿನಲ್ಲಿ ಏಳು ಹಾಸಿಗೆಗಳ ಒಂದು ಚಿಕಿತ್ಸಾಲಯವನ್ನು ತೆರೆದನು. ೧೮೪೧ರ ಅಕ್ಟೋಬರಿನಲ್ಲಿ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸನಿಗೆ ಈತನೇ ಭಗಂದರದ ಶಸ್ತ್ರಕರ್ಮವನ್ನು ಮಾಡಿದನು. ಆಸ್ಪತ್ರೆಯು ೧೮೫೪ರಲ್ಲಿ ಸಂತ ಮಾರ್ಕನ ಹಬ್ಬದ ದಿನ ಹೊಸ ಕಟ್ಟಡಕ್ಕೆ ಬಂದುದರಿಂದ ಅದಕ್ಕೆ ಸೇಂಟ್ ಮಾರ್ಕ್ಸ್ ಎಂಬ ಹೆಸರಾಯಿತು. ಒಂದೇ ಬಗೆಯ ರೋಗಿಗಳು ಒಂದೇ ಸ್ಥಳದಲ್ಲಿ ಸೇರಿದ್ದರಿಂದ ಅವರನ್ನು ಹೋಲಿಸಿ ನೋಡುವ ಅವಕಾಶ ಉಂಟಾಯಿತು. ಅಲ್ಲಿಯ ಗುಡ್‌ಸಾಲನು ೧೯೦೦ರಲ್ಲಿ ಮೈಲ್ಸನೊಡನೆ ಪ್ರಕಟಿಸಿದ ಗ್ರಂಥದ ಸೂತ್ರವು ಇಂದಿಗೂ ವಿದ್ಯಾರ್ಥಿಗಳಿಗೆ ಪಾಠ. ಗುದದ ನಡುವೆ ಒಂದು ಅಡ್ಡಗೆರೆಯನ್ನು ಕಲ್ಪಿಸಿಕೊಂಡರೆ, ಹೊರಬಾಯಿ ಗೆರೆಯ ಮುಂದಿದ್ದಾಗ ನಾಳವು ಸಾಮಾನ್ಯವಾಗಿ ನೇರವಾಗಿಯೂ, ಹಿಂದಿದ್ದಾಗ ಬಾಗಿ ಹಿಂಬದಿಯ ನಡುಗೆರೆಗೂ ಹೋಗುವುದೆಂದು ಅದರ ಅರ್ಥ. ನಾಳದ ಗತಿಯನ್ನು ಅರಿಯದೆ ಕತ್ತಿ ಹಿಡಿಯಬಾರದೆಂಬ ಪ್ರಾಚೀನರ ಏಷಣವಿಧಿಗೆ ಇದು ಹೊಸ ಆಧಾರವಾಯಿತು.

ಅದೇ ಆಸ್ಪತ್ರೆಯ ಮಿಲಿಗನ್ ಮತ್ತು ಮಾರ್ಗನ್ ಎಂಬವರು ೧೯೩೪ರಲ್ಲಿ ಸ್ನಾಯುಗಳ ರಚನೆಯನ್ನು ವಿವರಿಸಿ, ಮೇಲ್ಭಾಗದ ಸ್ನಾಯುವಲಯವನ್ನು ಉಳಿಸಿದರೆ ಧಾರಣಶಕ್ತಿ ಉಳಿಯುವುದೆಂದೂ ಅದನ್ನು ಕತ್ತರಿಸಿದರೆ ಹೋಗುವುದೆಂದೂ ತೋರಿಸಿದರು. ಅಲನ್ ಪಾರ್ಕ್ಸನು ೧೯೬೧ರಲ್ಲಿ ರೋಗದ ಮೂಲವು ಸ್ನಾಯುಗಳ ನಡುವಣ ಗ್ರಂಥಿಗಳಲ್ಲಿರುವುದನ್ನು ಪ್ರತಿಪಾದಿಸಿದನು. ೧೯೭೬ರಲ್ಲಿ ಗಾರ್ಡನ್ ಮತ್ತು ಹಾರ್ಡ್‌ಕ್ಯಾಸಲರೊಡನೆ ೪೦೦ ರೋಗಿಗಳನ್ನು ಆಧಾರವಾಗಿಟ್ಟುಕೊಂಡು ಭಗಂದರವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದನು. ಎರಡು ಸ್ನಾಯುಗಳ ನಡುವೆ ಇಳಿಯುವುದು, ಹೊರಸ್ನಾಯುವನ್ನು ಭೇದಿಸುವುದು, ಸ್ನಾಯುಗಳ ಮೇಲೆ ಹತ್ತಿ ಇಳಿಯುವುದು, ಸ್ನಾಯುಗಳಿಗೆ ಹೊರಗಾಗಿ ಹೋಗುವುದು ಇವೇ ಆ ನಾಲ್ಕು. ಸುಶ್ರುತಸಂಹಿತೆಯ ವಿಂಗಡಣೆಗೆ ಆಕಾರವು ಆಧಾರ. ಪಾರ್ಕ್ಸನ ವಿಂಗಡಣೆಗೆ ಸ್ನಾಯುವಿನೊಡನೆ ಇರುವ ಸಂಬಂಧವೇ ಆಧಾರ. ಧಾರಣಶಕ್ತಿಯ ಪ್ರಶ್ನೆಯು ರೋಗದ ನಾಮಕರಣದೊಳಕ್ಕೇ ಪ್ರವೇಶಿಸಿತು.

೭

ಆದರೂ ಲೆಕ್ಕವು ಬೇಕಾಗಿತ್ತು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದ ವೈದ್ಯರು ೧೯೯೬ರಲ್ಲಿ ಪ್ರಕಟಿಸಿದ ಅಧ್ಯಯನವು ಈ ದೃಷ್ಟಿಯಿಂದ ಗಮನಾರ್ಹ. ಶಸ್ತ್ರಕರ್ಮವಾಗಿದ್ದ ರೋಗಿಗಳನ್ನು ಪತ್ರಮುಖೇನ ವಿಚಾರಿಸಲಾಗಿ ೩೭೫ ಮಂದಿ ಉತ್ತರ ಕೊಟ್ಟರು. ರೋಗ ಮರುಕಳಿಸಿದ್ದುದು ನೂರಕ್ಕೆ ೮ ಮಂದಿಗೆ ಮಾತ್ರ. ಆದರೆ ಯಾವುದಾದರೂ ಪ್ರಮಾಣದಲ್ಲಿ ಧಾರಣಶಕ್ತಿ ಕುಂದಿತೆಂದು ಹೇಳಿದವರು ನೂರಕ್ಕೆ ೪೫ ಮಂದಿ. ಮೊದಲನೆಯ ಅಳತೆಯಲ್ಲಿ ನೋಡಿದರೆ ಇದು ಯಶಸ್ಸು. ಎರಡನೆಯ ಅಳತೆಯಲ್ಲಿ ನೋಡಿದರೆ ಚಿಂತೆಗೆ ಕಾರಣ. ಪ್ರಶ್ನೆಯನ್ನು ಕೇಳಿದ್ದರಿಂದಲೇ ಉತ್ತರ ಬಂದಿತು. ಆರ್ಡರ್ನನಂತೆ ಗುಣವಾದವರನ್ನು ಮಾತ್ರ ಎಣಿಸಿದ್ದರೆ ಈ ೪೫ ಮಂದಿ ಯಾವ ಪಟ್ಟಿಯಲ್ಲಿಯೂ ಕಾಣಿಸುತ್ತಿರಲಿಲ್ಲ.

ಆದುದರಿಂದ ಸ್ನಾಯುವನ್ನು ಕತ್ತರಿಸದೆ ನಾಳವನ್ನು ಮುಚ್ಚುವ ಉಪಾಯಗಳನ್ನು ಹುಡುಕುವ ಯತ್ನ ಬಲವಾಯಿತು. ಒಳಬಾಯಿಯ ಮೇಲೆ ಗುದದ ಒಳಪೊರೆಯ ಒಂದು ತುಂಡನ್ನು ಎಳೆದು ಹೊಲಿಯುವ ಕ್ರಮವನ್ನು ೧೯೧೨ರಲ್ಲಿಯೇ ಎಲ್ಟಿಂಗನು ವಿವರಿಸಿದ್ದನು. ಬ್ಯಾಂಕಾಕಿನ ಚುಲಾಲಂಗ್‌ಕಾರ್ನ್ ವಿಶ್ವವಿದ್ಯಾನಿಲಯದ ಅರುಣ್ ರೋಜನಸಕುಲರು ಎರಡು ಸ್ನಾಯುಗಳ ನಡುವೆ ನಾಳವನ್ನು ಹಿಡಿದು ಕಟ್ಟಿ ಕತ್ತರಿಸುವ ವಿಧಾನವನ್ನು ೨೦೦೭ರಲ್ಲಿ ಪ್ರಕಟಿಸಿದರು. ೧೮ ರೋಗಿಗಳಲ್ಲಿ ೧೭ ಮಂದಿಗೆ ಗುಣವಾಗಿತ್ತು. ಬೇರೆಡೆಗಳಲ್ಲಿ ಹೆಚ್ಚು ರೋಗಿಗಳ ಮೇಲೆ ನಡೆದಾಗ ಯಶಸ್ಸು ನೂರಕ್ಕೆ ಸುಮಾರು ಎಪ್ಪತ್ತರ ಆಸುಪಾಸಿಗ ಇಳಿದರೂ ವಿಧಾನವು ನೆಲೆಯಾಗಿ ನಿಂತಿತು. ಹಂದಿಯ ಕರುಳಿನ ಪೊರೆಯಿಂದ ಮಾಡಿದ ಬೆಣೆಯನ್ನು ನಾಳದಲ್ಲಿ ಇಡುವ ವಿಧಾನಕ್ಕೆ ೨೦೦೬ರಲ್ಲಿ ೧೫ ರೋಗಿಗಳಲ್ಲಿ ೧೩ ಮಂದಿಗೆ ಗುಣವಾಯಿತೆಂಬ ವರದಿ ಬಂದಿತ್ತು. ಬ್ರಿಟನ್ನಿನಲ್ಲಿ ಮುನ್ನೂರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು ೨೦೧೯ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಒಂದು ವರ್ಷದ ಮೇಲೆ ಬೆಣೆಯಿಂದ ಗುಣವಾದವರು ನೂರಕ್ಕೆ ೫೪, ಶಸ್ತ್ರವೈದ್ಯರು ತಮಗೆ ತೋರಿದ ಬೇರೆ ವಿಧಾನಗಳನ್ನು ಬಳಸಿದಾಗ ಗುಣವಾದವರು ನೂರಕ್ಕೆ ೫೫ ಎಂದು ಕಂಡುಬಂದಿತು. ಹೊಸ ಉಪಾಯದ ಮೊದಲ ಲೆಕ್ಕವು ದೊಡ್ಡದಾಗಿರುವುದೂ, ಕಾಲವೂ ರೋಗಿಗಳ ಸಂಖ್ಯೆಯೂ ಬೆಳೆದಂತೆ ಅದು ತಗ್ಗುವುದೂ ಈ ರೋಗದ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ.

೮

ಈ ನಡುವೆ ಭಾರತದಲ್ಲಿ ಹಳೆಯ ನೂಲು ಮತ್ತೆ ಕೈಗೆ ಬಂದಿತು. ೧೯೬೦ರ ದಶಕದಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದ ಪಿ. ಜೆ. ದೇಶಪಾಂಡೆಯವರೂ ಅವರ ಸಹೋದ್ಯೋಗಿಗಳೂ ಸುಶ್ರುತಸಂಹಿತೆ ಮತ್ತು ಚಕ್ರದತ್ತಗಳ ವಿಧಿಯನ್ನು ಆಧರಿಸಿ ಕ್ಷಾರಸೂತ್ರವನ್ನು ಒಂದು ನಿಯತವಾದ ಕ್ರಮಕ್ಕೆ ತಂದರು. ಗಟ್ಟಿಯಾದ ನಾರಿನ ನೂಲಿಗೆ ಒಟ್ಟು ೨೧ ಲೇಪಗಳು: ಕಳ್ಳಿಯ ಹಾಲಿನದು ೧೧, ಕಳ್ಳಿಯ ಹಾಲಿನೊಡನೆ ಉತ್ತರಣಿಯ ಕ್ಷಾರದ್ದು ೭, ಕಳ್ಳಿಯ ಹಾಲಿನೊಡನೆ ಅರಿಸಿನದ್ದು ೩. ಪ್ರತಿಯೊಂದು ಲೇಪವೂ ಒಣಗಿದ ಮೇಲೆ ಮತ್ತೊಂದು. ಹೀಗೆ ಸಿದ್ಧವಾದ ನೂಲನ್ನು ನಾಳದಲ್ಲಿ ಹಾಯಿಸಿ ಕಟ್ಟಿ, ವಾರಕ್ಕೊಮ್ಮೆ ಬದಲಾಯಿಸುತ್ತಾರೆ. ನೂಲು ನಿಧಾನವಾಗಿ ಕತ್ತರಿಸುತ್ತ ಹೋದಂತೆ ಅದರ ಹಿಂದೆಯೇ ವ್ರಣವು ಮಾಯುತ್ತ ಬರುತ್ತದೆ. ರೋಗಿಯು ಆ ದಿನಗಳಲ್ಲಿ ಎದ್ದು ಓಡಾಡಬಹುದು, ತನ್ನ ಕೆಲಸಕ್ಕೂ ಹೋಗಬಹುದು.

ಗ್ರಂಥಪ್ರಮಾಣದಿಂದ ಮಾತ್ರ ತೃಪ್ತರಾಗದೆ ಇದನ್ನು ಪರೀಕ್ಷೆಗೂ ಒಡ್ಡಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ಐನೂರಕ್ಕೂ ಹೆಚ್ಚು ರೋಗಿಗಳನ್ನು ಎರಡು ಪಂಗಡಗಳಾಗಿ ಹಂಚಿ, ಒಂದಕ್ಕೆ ಕ್ಷಾರಸೂತ್ರವನ್ನೂ ಇನ್ನೊಂದಕ್ಕೆ ಕತ್ತಿಯ ಚಿಕಿತ್ಸೆಯನ್ನೂ ಕೊಡಿಸಿ, ಫಲವನ್ನು ೧೯೯೧ರಲ್ಲಿ ಪ್ರಕಟಿಸಿತು. ಗುಣವಾಗಲು ಕ್ಷಾರಸೂತ್ರಕ್ಕೆ ಸುಮಾರು ೮ ವಾರಗಳು, ಶಸ್ತ್ರಕ್ಕೆ ಸುಮಾರು ೪ ವಾರಗಳು ಬೇಕಾದುವು. ಒಂದು ವರ್ಷದೊಳಗೆ ರೋಗ ಮರುಕಳಿಸಿದುದು ಕ್ಷಾರಸೂತ್ರದಲ್ಲಿ ನೂರಕ್ಕೆ ೪, ಶಸ್ತ್ರದಲ್ಲಿ ನೂರಕ್ಕೆ ೧೧. ನೂಲು ತಡಮಾಡುತ್ತದೆ, ಆದರೆ ಹೆಚ್ಚು ನಿಲ್ಲುತ್ತದೆ ಎಂದು ಇದರ ಸಾರಾಂಶ. ಆದರೆ ಕ್ಷಾರಸೂತ್ರವೂ ಕತ್ತರಿಸುವ ನೂಲೇ ಎಂಬುದನ್ನು ಮರೆಯಬಾರದು. ನಾಳವು ಸ್ನಾಯುವಿನ ಬಹುಭಾಗವನ್ನು ಒಳಗೊಂಡಿದ್ದರೆ ನಿಧಾನವಾದ ಛೇದನವೂ ಛೇದನವೇ. ಅಲ್ಲಿ ವೈದ್ಯನ ವಿವೇಚನೆಯೇ ಪ್ರಮಾಣ. ಪಾಶ್ಚಾತ್ಯ ಶಸ್ತ್ರವೈದ್ಯರೂ ಇದೇ ಕಾರಣದಿಂದ, ಬಿಗಿದು ಕತ್ತರಿಸುವ ನೂಲಿಗಿಂತ ಸಡಿಲವಾಗಿ ಕಟ್ಟಿ ಕೀವನ್ನು ಹರಿಯಬಿಡುವ ನೂಲನ್ನು ಹೆಚ್ಚಾಗಿ ಬಳಸತೊಡಗಿದ್ದಾರೆ. ಯವನರ ಕುದುರೆಯ ಕೂದಲಿನ ಸ್ಥಾನದಲ್ಲಿ ರಬ್ಬರಿನ ಎಳೆ ಬಂದಿದೆ.

೯

ಇಂದಿನ ಪರಿಸ್ಥಿತಿಯನ್ನು ಸಂಗ್ರಹಿಸಿ ಹೇಳುವುದಾದರೆ: ನಾಳವು ಕೆಳಗಿದ್ದು ಸ್ನಾಯುವನ್ನು ಸ್ವಲ್ಪವೇ ತಗುಲಿದ್ದರೆ ಸೀಳಿ ತೆರೆಯುವುದೇ ಶ್ರೇಷ್ಠ, ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಅದರಿಂದ ಗುಣವಾಗುತ್ತದೆ. ನಾಳವು ಮೇಲಿದ್ದರೆ, ಕವಲೊಡೆದಿದ್ದರೆ, ಸ್ತ್ರೀಯರಲ್ಲಿ ಮುಂಭಾಗದಲ್ಲಿದ್ದರೆ, ಕರುಳಿನ ಬೇರೆ ರೋಗದೊಡನೆ ಕೂಡಿದ್ದರೆ ಸ್ನಾಯುವನ್ನು ಉಳಿಸುವ ವಿಧಾನಗಳನ್ನು ಹಿಡಿಯಬೇಕು; ಅವುಗಳಿಂದ ಧಾರಣಶಕ್ತಿ ಉಳಿಯುವುದು ಹೆಚ್ಚು, ನಾಳ ಮುಚ್ಚುವುದು ಕಡಮೆ. ಕಾಂತಶಕ್ತಿಯಿಂದ ದೇಹದ ಒಳಚಿತ್ರವನ್ನು ತೆಗೆಯುವ ಎಂ. ಆರ್. ಐ. ಯಂತ್ರವು ಏಷಣಿಗೆ ಸಿಕ್ಕದ ಕವಲುಗಳನ್ನೂ ತೋರಿಸುತ್ತದೆ. ಮರುಕಳಿಸಿದ ಭಗಂದರದಲ್ಲಿ ಆ ಚಿತ್ರವನ್ನು ಅನುಸರಿಸಿ ಶಸ್ತ್ರಮಾಡಿದಾಗ ರೋಗವು ಮತ್ತೆ ಬರುವುದು ಬಹಳ ಕಡಮೆಯಾಯಿತೆಂದು ಸೇಂಟ್ ಮಾರ್ಕ್ಸ್ ಆಸ್ಪತ್ರೆಯಿಂದ ೨೦೦೨ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು.

ಎರಡು ಅಳತೆಗಳನ್ನೂ ಪೂರ್ಣವಾಗಿ ತೃಪ್ತಿಪಡಿಸುವ ಒಂದು ಚಿಕಿತ್ಸೆ ಇನ್ನೂ ದೊರೆತಿಲ್ಲ. ಕತ್ತಿಯು ಬೇಗ ಗುಣಪಡಿಸುತ್ತದೆ, ಆದರೆ ಸ್ನಾಯುವನ್ನು ಕೇಳುತ್ತದೆ. ನೂಲು ಕಾಲವನ್ನು ಕೇಳುತ್ತದೆ. ಸ್ನಾಯುವನ್ನು ಮುಟ್ಟದ ಉಪಾಯಗಳು ಮತ್ತೊಮ್ಮೆ ಶಸ್ತ್ರಕ್ಕೆ ಬರುವ ಸಂಭವವನ್ನು ಒಪ್ಪಿಕೊಳ್ಳಬೇಕೆನ್ನುತ್ತವೆ. ಯಾವ ಬೆಲೆಯನ್ನು ಕೊಡಬೇಕೆಂಬುದನ್ನು ಈಗ ವೈದ್ಯನು ರೋಗಿಯೊಡನೆ ಮಾತನಾಡಿ ನಿರ್ಧರಿಸುತ್ತಾನೆ. ಪ್ರಾಚೀನ ಗ್ರಂಥವನ್ನು ಓದುವವರಿಗೆ ಇದರಿಂದ ಒಂದು ಪಾಠವುಂಟು. ಸುಶ್ರುತಸಂಹಿತೆಯ ಭಗಂದರಾಧ್ಯಾಯದ ಬೆಲೆಯು ಅದು ಇತರರಿಗಿಂತ ಮೊದಲು ಹೇಳಿತೆಂಬುದರಲ್ಲಿ ಅಡಗಿಲ್ಲ. ಗುಣಪಡಿಸಹೊರಟ ಕೈಯೇ ಕೆಡಿಸಬಹುದೆಂಬುದನ್ನು ಕಂಡು, ಅದನ್ನು ಮರೆಮಾಚದೆ ಮುಂದಿನ ವೈದ್ಯರಿಗೆ ತಿಳಿಸಿದ್ದರಲ್ಲಿ ಅದರ ಬೆಲೆಯಿದೆ. ಶತಪೋನಕವನ್ನು ಒಂದೇ ಬಾರಿಗೆ ಸೀಳಬೇಡವೆಂಬ ಆ ವಿಧಿಯೂ, ೧೯೯೬ರ ಲೆಕ್ಕದಲ್ಲಿ ಉತ್ತರ ಬರೆದು ಕಳುಹಿಸಿದ ರೋಗಿಗಳ ಮಾತೂ ಒಂದೇ ಅರ್ಥವನ್ನು ಹೇಳುತ್ತವೆ.